ಸ್ಕ್ಯಾನಿಂಗ್ ವರದಿಯೊಂದನ್ನೇ ನೋಡಿ ಪಿಸಿಒಎಸ್ ಎಂದು ತೀರ್ಮಾನಿಸಬಹುದೆ?

ಪ್ರಶ್ನೆ: ನನಗೆ 27 ವರ್ಷ. ಮುಟ್ಟು ಮೊದಲಿನಿಂದಲೂ 28ರಿಂದ 32 ದಿನಗಳಿಗೊಮ್ಮೆ ಬರುತ್ತಿತ್ತು. ಹೊಟ್ಟೆನೋವಿಗೆಂದು ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯಗಳು ಪಾಲಿಸಿಸ್ಟಿಕ್ (ಅನೇಕ ಸಣ್ಣ ನೀರಿನ ಚೀಲಗಳುಳ್ಳವು) ಆಗಿವೆ ಎಂದೂ, ಬಲಗಡೆಯದರ ಗಾತ್ರ 11 ಮಿಲಿಲೀಟರ್, ಎಡಗಡೆಯದು 9 ಎಂದೂ ಬರೆದಿದ್ದಾರೆ. ಮೊದಲು ನೋಡಿದ ವೈದ್ಯರು ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನು ತೊಂದರೆ) ಎಂದು ಹೇಳಿ ಗರ್ಭನಿರೋಧಕ ಗುಳಿಗೆ ಬರೆದುಕೊಟ್ಟರು. ಗುಳಿಗೆ ಶುರುಮಾಡಿ ಎರಡು ತಿಂಗಳಾದ ಮೇಲೆ ಕಂಡ ಇನ್ನೊಬ್ಬ ವೈದ್ಯರು ಟೆಸ್ಟೋಸ್ಟಿರೋನ್ ಪರೀಕ್ಷೆ ಮಾಡಿಸಿ, ಅದೂ ಸರಿಯಿದೆ, ಮುಟ್ಟೂ ಸರಿಯಿದೆ, ನಿಮಗೆ ಪಿಸಿಒಎಸ್ ಇಲ್ಲ ಎಂದರು. ಗದ್ದದ ಮೇಲೆ ದಪ್ಪ ಕೂದಲು ಬರುತ್ತದೆ, ಆಗಾಗ ತೆಗೆಸಿಕೊಳ್ಳುತ್ತೇನೆ. ಇಬ್ಬರಲ್ಲಿ ಯಾರ ಮಾತು ಸರಿ? ಎಎಂಎಚ್ (ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನು) ಪರೀಕ್ಷೆ ಮಾಡಿಸಿದರೆ ಖಚಿತವಾಗುತ್ತದೆಯೆ? 15 ವರ್ಷದ ನನ್ನ ತಂಗಿ ಮೈನೆರೆದು ಎರಡು ವರ್ಷವಾಗಿದೆ, ಅವಳಿಗೆ ಎರಡು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ. ಅವಳಿಗೂ ಸ್ಕ್ಯಾನಿಂಗ್ ಮಾಡಿಸಬೇಕೆ?

ಉತ್ತರ: ನೀವು ತಿಳಿಸಿರುವ ಮಾಹಿತಿಯಷ್ಟರಿಂದಲೇ ನಿಮಗೆ ಪಿಸಿಒಎಸ್ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಮೊದಲ ವೈದ್ಯರು ಸ್ಕ್ಯಾನಿಂಗ್ ವರದಿಯ ಮೇಲೆ ಹೆಚ್ಚು ಭಾರ ಹಾಕಿದ್ದಾರೆ. ಎರಡನೆಯವರು ಗುಳಿಗೆ ನುಂಗುತ್ತಿರುವ ಹೊತ್ತಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯನ್ನು ನಂಬಿದ್ದಾರೆ. ಇಬ್ಬರ ನಡುವೆ ತೀರ್ಮಾನವಾಗದೆ ಉಳಿದಿರುವುದು ನೀವು ಪತ್ರದ ಕೊನೆಯಲ್ಲಿ ಹಗುರವಾಗಿ ಹೇಳಿ ಮುಂದೆ ಸಾಗಿರುವ ಗದ್ದದ ಕೂದಲಿನ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಕರಣದ ತೀರ್ಮಾನ ನಿಂತಿರುವುದೇ ಅದರ ಮೇಲೆ.

ಪಿಸಿಒಎಸ್ ಅನ್ನು ಗುರುತಿಸಲು ಒಂದೇ ಒಂದು ಪರೀಕ್ಷೆ ಇಲ್ಲ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ದೊಡ್ಡದಾದ ಅಂಡಾಶಯಗಳಿದ್ದ ಏಳು ಮಂದಿ ಮಹಿಳೆಯರ ವಿವರಗಳನ್ನು ಪ್ರಕಟಿಸಿದಾಗಿನಿಂದ ಬಹುಕಾಲ ಇದನ್ನು ಪ್ರತಿಯೊಬ್ಬ ವೈದ್ಯರೂ ತಮ್ಮ ಅನುಭವದಂತೆ ಗುರುತಿಸುತ್ತಿದ್ದರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡೆದ ಸಭೆಯಿಂದ ಹೊರಬಂದ ಮಾನದಂಡದಲ್ಲಿ ಎರಡು ಅಂಶಗಳು ಕಡ್ಡಾಯವಾಗಿದ್ದವು: ಗಂಡಸರಲ್ಲಿ ಹೆಚ್ಚಾಗಿರುವ, ಟೆಸ್ಟೋಸ್ಟಿರೋನ್‌ನಂಥ ಆಂಡ್ರೊಜೆನ್ ಎಂಬ ಹಾರ್ಮೋನುಗಳ ಪ್ರಭಾವ ಹೆಚ್ಚಾಗಿರಬೇಕು ಮತ್ತು ಅಂಡಾಣು ಬಿಡುಗಡೆಯಲ್ಲಿ ಏರುಪೇರಿರಬೇಕು. ಸ್ಕ್ಯಾನಿಂಗ್‌ಗೆ ಅದರಲ್ಲಿ ಸ್ಥಾನವೇ ಇರಲಿಲ್ಲ. 2003ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ ಸೇರಿದ ಯುರೋಪ್ ಮತ್ತು ಅಮೆರಿಕದ ಸಂತಾನ ವೈದ್ಯಶಾಸ್ತ್ರದ ತಜ್ಞರು ಈ ಎರಡರ ಜೊತೆಗೆ ಅಂಡಾಶಯದ ಪಾಲಿಸಿಸ್ಟಿಕ್ ರೂಪವನ್ನು ಮೂರನೆಯ ಅಂಶವಾಗಿ ಸೇರಿಸಿ, ಮೂರರಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು, ಆದರೆ ಇದೇ ಲಕ್ಷಣಗಳನ್ನು ತೋರುವ ಬೇರೆ ರೋಗಗಳಿಲ್ಲ ಎಂಬುದು ಮೊದಲು ಖಚಿತವಾಗಬೇಕು ಎಂದು ನಿಗದಿಪಡಿಸಿದರು. 2006ರಲ್ಲಿ ಇನ್ನೊಂದು ತಜ್ಞಸಂಘವು ಆಂಡ್ರೊಜೆನ್ ಹೆಚ್ಚಳವಿಲ್ಲದೆ ಪಿಸಿಒಎಸ್ ಎನ್ನಬಾರದು ಎಂಬ ನಿಲುವು ತಾಳಿತು. ಇಂದು ಹೆಚ್ಚಿನ ಕಡೆ ಅನುಸರಿಸುವುದು ರಾಟರ್‌ಡ್ಯಾಮ್ ಮಾನದಂಡದ ಪರಿಷ್ಕೃತ ರೂಪವನ್ನು. 2018ರಲ್ಲಿ ಪ್ರಕಟವಾಗಿ 2023ರಲ್ಲಿ ನವೀಕರಣಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅದು ಇದೆ.

ಈ ಇತಿಹಾಸವನ್ನು ಹೇಳಲು ಕಾರಣವಿದೆ. ಮುಟ್ಟು ಸರಿಯಾಗಿದ್ದರೆ ಪಿಸಿಒಎಸ್ ಇರಲಾರದು ಎಂಬ ಎರಡನೆಯ ವೈದ್ಯರ ತರ್ಕ 1990ರ ಮಾನದಂಡಕ್ಕೆ ಒಪ್ಪುತ್ತದೆ, ಈಗಿನದಕ್ಕೆ ಒಪ್ಪುವುದಿಲ್ಲ. ಈಗಿನ ಮಾನದಂಡದಂತೆ ಮುಟ್ಟು ಕ್ರಮವಾಗಿದ್ದರೂ, ಆಂಡ್ರೊಜೆನ್ ಹೆಚ್ಚಳ ಮತ್ತು ಪಾಲಿಸಿಸ್ಟಿಕ್ ಅಂಡಾಶಯ ಎರಡೂ ಇದ್ದವರಿಗೆ ಪಿಸಿಒಎಸ್ ಇದೆ ಎಂದೇ ಅರ್ಥ. ಹಾಗೆಯೇ, ಅಂಡಾಶಯ ಪಾಲಿಸಿಸ್ಟಿಕ್ ಆಗಿ ಕಂಡಿತು ಎಂಬ ಒಂದೇ ಕಾರಣಕ್ಕೆ ಪಿಸಿಒಎಸ್ ಎನ್ನಲು ಈ ಮೂರು ಮಾನದಂಡಗಳಲ್ಲಿ ಯಾವುದೂ ಯಾವತ್ತೂ ಅನುಮತಿ ನೀಡಿಲ್ಲ.

ಈಗ ನಿಮ್ಮ ಸ್ಕ್ಯಾನಿಂಗ್ ವರದಿಯನ್ನು ನೋಡೋಣ. ಅಂಡಾಶಯದ ಅಂಚಿನಲ್ಲಿ ಸಾಲಾಗಿ ಕಾಣುವ ಸಣ್ಣ ನೀರಿನ ಚೀಲಗಳು ಬೆಳವಣಿಗೆಯ ನಡುವೆ ನಿಂತುಹೋದ ಫಾಲಿಕಲ್‌ಗಳು, ಅಂದರೆ ಒಂದೊಂದು ಅಂಡಾಣುವನ್ನು ಒಳಗಿಟ್ಟುಕೊಂಡಿರುವ ಸಹಜ ರಚನೆಗಳು. ಅವು ಗಡ್ಡೆಗಳಲ್ಲ, ಆದ್ದರಿಂದ ಅವನ್ನು ತೆಗೆಸಬೇಕಾದ ಪ್ರಶ್ನೆಯೂ ಏಳುವುದಿಲ್ಲ. 2003ರಲ್ಲಿ ಒಂದು ಅಂಡಾಶಯದಲ್ಲಿ 2ರಿಂದ 9 ಮಿಲಿಮೀಟರ್ ಅಳತೆಯ 12 ಅಥವಾ ಹೆಚ್ಚು ಫಾಲಿಕಲ್‌ಗಳಿದ್ದರೆ ಅದನ್ನು ಪಾಲಿಸಿಸ್ಟಿಕ್ ಎಂದು ಕರೆಯುತ್ತಿದ್ದರು. ಯಂತ್ರಗಳು ಸುಧಾರಿಸುತ್ತ ಹೋದಂತೆ, ಮೊದಲು ಕಾಣದಿದ್ದ ಚಿಕ್ಕ ಫಾಲಿಕಲ್‌ಗಳೂ ಎಣಿಕೆಗೆ ಸಿಕ್ಕಿ, ಯಾವ ತೊಂದರೆಯೂ ಇಲ್ಲದ ಯುವತಿಯರಲ್ಲಿ ಬಹಳ ಮಂದಿ ಆ ಮಿತಿಯನ್ನು ದಾಟತೊಡಗಿದರು. ಆದ್ದರಿಂದ ಯೋನಿಮಾರ್ಗದ ಆಧುನಿಕ ಸ್ಕ್ಯಾನಿಂಗ್‌ನಲ್ಲಿ ಕನಿಷ್ಠ ಒಂದು ಅಂಡಾಶಯದಲ್ಲಾದರೂ 20 ಅಥವಾ ಹೆಚ್ಚು ಫಾಲಿಕಲ್‌ಗಳಿರಬೇಕು ಎಂದು ಮಿತಿಯನ್ನು ಏರಿಸಲಾಯಿತು.

ನಿಮಗೆ ಮಾಡಿರುವುದು ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗ್. ಅದರಲ್ಲಿ ಫಾಲಿಕಲ್‌ಗಳ ಎಣಿಕೆ ನಂಬಲರ್ಹವಲ್ಲ. ಹಾಗಾಗಿ ಅಂಡಾಶಯದ ಗಾತ್ರವನ್ನೇ ಮುಖ್ಯವಾಗಿ ನೋಡಬೇಕಾಗುತ್ತದೆ, ಅದರ ಮಿತಿ 10 ಮಿಲಿಲೀಟರ್. ಉದ್ದ, ಅಗಲ, ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಬಂದದ್ದರ ಸುಮಾರು ಅರ್ಧ ತೆಗೆದುಕೊಂಡರೆ ಈ ಗಾತ್ರ ಸಿಗುತ್ತದೆ: 4, 2.8 ಮತ್ತು 2.2 ಸೆಂಟಿಮೀಟರ್ ಇರುವ ಅಂಡಾಶಯದ ಗಾತ್ರ ಸುಮಾರು 12 ಮಿಲಿಲೀಟರ್, 3.6, 2.4 ಮತ್ತು 2.1 ಸೆಂಟಿಮೀಟರ್ ಇರುವುದರದು ಸುಮಾರು 9. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಫಲಿತಾಂಶ ಮಿತಿಯ ಈ ಬದಿಯಿಂದ ಆ ಬದಿಗೆ ಹೋಗಬಲ್ಲದು ಎಂಬುದನ್ನು ಇದರಿಂದಲೇ ಊಹಿಸಬಹುದು. ನಿಮ್ಮ ಬಲ ಅಂಡಾಶಯ 11 ಮಿಲಿಲೀಟರ್ ಇದೆ, ಒಂದು ಬದಿಯದು ಮಿತಿ ಮುಟ್ಟಿದರೂ ಸಾಕು. ಆದರೆ ಸ್ಕ್ಯಾನಿಂಗ್ ಮಾಡಿದ ದಿನ ಆ ಬದಿಯಲ್ಲಿ ಆ ತಿಂಗಳ ಅಂಡಾಣುವಿಗಾಗಿ ಬೆಳೆಯುತ್ತಿದ್ದ 10 ಮಿಲಿಮೀಟರ್‌ಗಿಂತ ದೊಡ್ಡ ಫಾಲಿಕಲ್ ಆಗಲಿ, ಅಂಡಾಣು ಹೊರಬಿದ್ದ ಮೇಲೆ ಅಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ಆಗಲಿ ಇದ್ದಿದ್ದರೆ ಗಾತ್ರ ಹೆಚ್ಚಿರುವುದು ಸಹಜವೇ, ಆಗ ಆ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮುಟ್ಟು ಕ್ರಮವಾಗಿ ಬರುತ್ತಿದ್ದ ನಿಮ್ಮಲ್ಲಿ ಈ ಸಾಧ್ಯತೆ ನಿಜವಾಗಿಯೂ ಇದೆ. ವರದಿಯಲ್ಲಿ ಈ ಬಗ್ಗೆ ಏನಾದರೂ ಬರೆದಿದೆಯೆ, ಸ್ಕ್ಯಾನಿಂಗ್ ಋತುಚಕ್ರದ ಎಷ್ಟನೆಯ ದಿನ ಆಯಿತು ಎಂದು ನೋಡಿ. ‘ಪಾಲಿಸಿಸ್ಟಿಕ್’ ಎಂಬ ಒಂದೇ ಮಾತನ್ನು ಬರೆದು ಅಳತೆ, ದಿನ, ಸ್ಕ್ಯಾನಿಂಗ್‌ನ ಮಾರ್ಗ ಇವುಗಳನ್ನು ಬಿಟ್ಟುಬಿಡುವ ವರದಿಗಳಿಂದ ರೋಗಿಗೂ ವೈದ್ಯರಿಗೂ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಬಹುಕಾಲದ ತಕರಾರು.

ಎಎಂಎಚ್ ಬಗ್ಗೆ ಕೇಳಿದ್ದೀರಿ. ಈ ಹಾರ್ಮೋನನ್ನು ಅಂಡಾಶಯದ ಚಿಕ್ಕ ಫಾಲಿಕಲ್‌ಗಳೇ ಸ್ರವಿಸುವುದರಿಂದ, ಫಾಲಿಕಲ್‌ಗಳು ಹೆಚ್ಚಾಗಿರುವವರಲ್ಲಿ ರಕ್ತದಲ್ಲಿ ಅದರ ಮಟ್ಟವೂ ಹೆಚ್ಚಾಗಿರುತ್ತದೆ. 2023ರ ಮಾರ್ಗಸೂಚಿಯು ವಯಸ್ಕ ಮಹಿಳೆಯರಲ್ಲಿ ಸ್ಕ್ಯಾನಿಂಗ್‌ನ ಬದಲಿಗೆ ಎಎಂಎಚ್ ಬಳಸಬಹುದು ಎಂದಿದೆ. ಬದಲಿಗೆ ಎಂಬುದನ್ನು ಗಮನಿಸಬೇಕು: ಎರಡೂ ಪರೀಕ್ಷೆಗಳು ಮೂರರಲ್ಲಿ ಒಂದೇ ಅಂಶವನ್ನು ಅಳೆಯುತ್ತವೆ, ಆದ್ದರಿಂದ ಸ್ಕ್ಯಾನಿಂಗ್ ಒಂದು ಅಂಶ, ಎಎಂಎಚ್ ಇನ್ನೊಂದು ಅಂಶ ಎಂದು ಕೂಡಿಸಿ ಎರಡಾಯಿತು ಎನ್ನುವುದು ತಪ್ಪು. ಮೇಲಾಗಿ ವಯಸ್ಸು, ದೇಹದ ತೂಕ, ಗರ್ಭನಿರೋಧಕ ಗುಳಿಗೆ, ಹಿಂದೆ ಅಂಡಾಶಯಕ್ಕೆ ಆಗಿರಬಹುದಾದ ಶಸ್ತ್ರಚಿಕಿತ್ಸೆ ಇವೆಲ್ಲವೂ ಎಎಂಎಚ್ ಮಟ್ಟವನ್ನು ಬದಲಿಸುತ್ತವೆ, ಪ್ರಯೋಗಾಲಯದ ವಿಧಾನ ಬದಲಾದರೆ ಮಿತಿಯ ಅಂಕಿಯೂ ಬದಲಾಗುತ್ತದೆ. ನಿಮ್ಮ ಸ್ಕ್ಯಾನಿಂಗ್ ವರದಿ ಸಂಶಯಾಸ್ಪದ ಎಂದು ಕಂಡುಬಂದರೆ ಗುಳಿಗೆ ಬಿಟ್ಟು ಕಾದ ನಂತರ ಎಎಂಎಚ್ ಮಾಡಿಸಬಹುದೇ ಹೊರತು, ಈಗ ಮಾಡಿಸಿದರೆ ಗೊಂದಲಕ್ಕೆ ಇನ್ನೊಂದು ಅಂಕಿ ಸೇರುತ್ತದೆ ಅಷ್ಟೆ.

ಇನ್ನು ಮುಖ್ಯ ವಿಷಯವಾದ ಆಂಡ್ರೊಜೆನ್ ಹೆಚ್ಚಳಕ್ಕೆ ಬರೋಣ. ಇದನ್ನು ಎರಡು ದಾರಿಯಲ್ಲಿ ಗುರುತಿಸಬಹುದು, ಮೈಮೇಲಿನ ಚಿಹ್ನೆಗಳಿಂದ ಅಥವಾ ರಕ್ತಪರೀಕ್ಷೆಯಿಂದ. ಎರಡರಲ್ಲಿ ಒಂದು ಸ್ಪಷ್ಟವಾಗಿದ್ದರೆ ಸಾಕು. ಮೈಮೇಲಿನ ಚಿಹ್ನೆಗಳಲ್ಲಿ ಹೆಚ್ಚು ನಂಬಬಹುದಾದದ್ದು ಗಂಡಸರಲ್ಲಿ ಬೆಳೆಯುವ ಜಾಗಗಳಲ್ಲಿ ಮಹಿಳೆಯರಿಗೆ ದಪ್ಪ, ಕಪ್ಪು ಕೂದಲು ಬೆಳೆಯುವುದು. ಮೊಡವೆ ಮಾತ್ರ ಇದ್ದರೆ, ಅಥವಾ ನೆತ್ತಿಯ ಕೂದಲು ತೆಳುವಾಗುವುದು ಮಾತ್ರ ಇದ್ದರೆ, ಅದು ದುರ್ಬಲ ಸಾಕ್ಷ್ಯ. ಕೂದಲಿನ ಪ್ರಮಾಣವನ್ನು ಅಳೆಯಲು 1961ರಲ್ಲಿ ಫೆರಿಮನ್ ಮತ್ತು ಗಾಲ್ವೆ ರೂಪಿಸಿದ ವಿಧಾನದ ಪರಿಷ್ಕೃತ ರೂಪವನ್ನು ಬಳಸುತ್ತಾರೆ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಹೊಟ್ಟೆಯ ಕೆಳಭಾಗ, ತೋಳು, ತೊಡೆ, ಬೆನ್ನಿನ ಮೇಲ್ಭಾಗ, ಬೆನ್ನಿನ ಕೆಳಭಾಗ ಈ ಒಂಬತ್ತು ಜಾಗಗಳಿಗೆ ತಲಾ 0ಯಿಂದ 4ರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಒಟ್ಟು 36ರಲ್ಲಿ 4ರಿಂದ 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂದಲಿನ ಬೆಳವಣಿಗೆ ಅತಿಯಾಗಿದೆ ಎಂದು ಪರಿಗಣಿಸುತ್ತಾರೆ, ಮಿತಿಯ ಅಂಕಿ ಜನಾಂಗದಿಂದ ಜನಾಂಗಕ್ಕೆ ಸ್ವಲ್ಪ ಬೇರೆಯಾಗುತ್ತದೆ. ನವಿರಾದ ಮೃದು ರೋಮ ಲೆಕ್ಕಕ್ಕಿಲ್ಲ. ಕತ್ತರಿಸದೆ ಬಿಟ್ಟರೆ 5 ಮಿಲಿಮೀಟರ್‌ಗಿಂತ ಉದ್ದ ಬೆಳೆಯುವ, ಬಣ್ಣವುಳ್ಳ ಗಡಸು ಕೂದಲನ್ನು ಮಾತ್ರ ಎಣಿಸಬೇಕು.

ಇಲ್ಲಿಯೇ ನಿಮ್ಮಂಥವರ ವಿಷಯದಲ್ಲಿ ತಪ್ಪುಗಳಾಗುವುದು. ಕೂದಲು ತೆಗೆಸಿಕೊಂಡು ನಯವಾದ ಗದ್ದದೊಂದಿಗೆ ವೈದ್ಯರೆದುರು ಕುಳಿತರೆ ಅವರಿಗೆ ಕಾಣುವುದು ಏನೂ ಇಲ್ಲ, ಸಂಕೋಚದಿಂದ ನೀವೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಮುಂದಿನ ಭೇಟಿಯಲ್ಲಿ ಎಷ್ಟು ದಿನಕ್ಕೊಮ್ಮೆ ತೆಗೆಸಬೇಕಾಗುತ್ತದೆ, ಗದ್ದವಲ್ಲದೆ ಹೊಕ್ಕುಳ ಕೆಳಗೆ, ಎದೆಯ ನಡುವೆ, ತೊಡೆಯಲ್ಲಿ ಕೂದಲಿದೆಯೆ, ಎಷ್ಟು ವರ್ಷಗಳಿಂದ ಇದೆ ಎಂಬುದನ್ನೆಲ್ಲ ನೀವೇ ಮುಂದಾಗಿ ಹೇಳಬೇಕು. ಸಾಧ್ಯವಾದರೆ ಅದಕ್ಕೆ ಮುಂಚಿನ ಕೆಲವು ವಾರ ಕೂದಲು ತೆಗೆಸದೆ ಇರುವುದು ಒಳ್ಳೆಯದು. ಗದ್ದದಲ್ಲಿ ನಾಲ್ಕಾರು ಕೂದಲು ಮಾತ್ರ ಇದ್ದು ಬೇರೆಲ್ಲೂ ಇಲ್ಲದಿದ್ದರೆ ಅಂಕ 1 ಆದೀತು, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಅಂಕ ಸ್ಪಷ್ಟವಾಗಿ ಮಿತಿ ಮೀರಿದರೆ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸರಿಯಿದ್ದರೂ ಈ ಅಂಶ ಪೂರೈಸಿದಂತೆಯೇ.

ರಕ್ತಪರೀಕ್ಷೆಯ ವಿಷಯಕ್ಕೆ ಬಂದರೆ, ಗುಳಿಗೆ ಸೇವಿಸುವಾಗ ಬಂದ ನಿಮ್ಮ ಫಲಿತಾಂಶವನ್ನು ಬದಿಗಿಡಬೇಕು. ಗರ್ಭನಿರೋಧಕ ಗುಳಿಗೆಯಲ್ಲಿರುವ ಹಾರ್ಮೋನುಗಳು ಅಂಡಾಶಯದಲ್ಲಿ ಟೆಸ್ಟೋಸ್ಟಿರೋನ್ ಉತ್ಪಾದನೆಯನ್ನು ತಗ್ಗಿಸುತ್ತವೆ. ಜೊತೆಗೆ ಯಕೃತ್ತಿನಲ್ಲಿ ತಯಾರಾಗುವ, ಟೆಸ್ಟೋಸ್ಟಿರೋನನ್ನು ಬಂಧಿಸಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ, ಅದರಿಂದ ಅಂಗಾಂಶಗಳ ಮೇಲೆ ಕೆಲಸ ಮಾಡುವ ಮುಕ್ತ ಟೆಸ್ಟೋಸ್ಟಿರೋನ್ ಇನ್ನಷ್ಟು ಇಳಿಯುತ್ತದೆ. ಕೂದಲಿನ ಸಮಸ್ಯೆಗೆ ಇದೇ ಗುಳಿಗೆ ಚಿಕಿತ್ಸೆಯಾಗಿ ಒದಗುವುದೂ ಈ ಕಾರಣಕ್ಕೇ. ನಿಜವಾದ ಮಟ್ಟ ತಿಳಿಯಬೇಕಾದರೆ ಗುಳಿಗೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಾಯಬೇಕು. ಗರ್ಭಧಾರಣೆ ಬೇಡವೆಂದಿದ್ದರೆ ಆ ಅವಧಿಗೆ ಹಾರ್ಮೋನು ಇಲ್ಲದ ಬೇರೆ ವಿಧಾನವನ್ನು ವೈದ್ಯರೊಂದಿಗೆ ಮಾತನಾಡಿ ಏರ್ಪಡಿಸಿಕೊಳ್ಳಿ. ಆನಂತರ ಒಟ್ಟು ಟೆಸ್ಟೋಸ್ಟಿರೋನ್ ಮತ್ತು ಮುಕ್ತ ಟೆಸ್ಟೋಸ್ಟಿರೋನ್ ಎರಡನ್ನೂ ನೋಡಬೇಕು. ಹೆಂಗಸರಲ್ಲಿ ಈ ಹಾರ್ಮೋನು ಬಹಳ ಕಡಿಮೆ ಪ್ರಮಾಣದಲ್ಲಿರುವುದರಿಂದ ಪ್ರತಿಕಾಯಗಳನ್ನು ಬಳಸಿ ಅಳೆಯುವ ಸಾಧಾರಣ ಇಮ್ಯುನೊಅಸ್ಸೇ ವಿಧಾನ ಅಷ್ಟು ನಿಖರವಲ್ಲ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಲಭ್ಯವಿದ್ದರೆ ಅದೇ ಲೇಸು. ಮುಕ್ತ ಟೆಸ್ಟೋಸ್ಟಿರೋನನ್ನು ನೇರವಾಗಿ ಅಳೆಯುವ ಅಗ್ಗದ ಕಿಟ್‌ಗಳಿಗಿಂತ ಒಟ್ಟು ಟೆಸ್ಟೋಸ್ಟಿರೋನ್ ಮತ್ತು ಎಸ್‌ಎಚ್‌ಬಿಜಿಗಳಿಂದ ಲೆಕ್ಕಹಾಕಿ ಪಡೆದ ಅಂಕಿ ಮೇಲು.

ಅಂಡಾಶಯವನ್ನು ನಿಯಂತ್ರಿಸುವ ಪಿಟ್ಯುಟರಿ ಹಾರ್ಮೋನುಗಳಾದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ಗಳ ಅನುಪಾತ, ಖಾಲಿ ಹೊಟ್ಟೆಯ ಇನ್ಸುಲಿನ್, ದೇಹದ ತೂಕ ಇವು ಯಾವುವೂ ಮಾನದಂಡದಲ್ಲಿ ಇಲ್ಲ. ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಈ ತೊಂದರೆಯ ಬೇರಿನಲ್ಲಿಯೇ ಇದೆ ಎಂಬುದು ನಿಜ, ಆದರೆ ಅದನ್ನು ಅಳೆಯುವ ಪರೀಕ್ಷೆಗಳು ದಿನನಿತ್ಯದ ಚಿಕಿತ್ಸೆಗೆ ಸಾಕಷ್ಟು ನಿಖರವಾಗಿಲ್ಲ. ತೆಳ್ಳಗಿನ ಮೈಕಟ್ಟಿನವರಿಗೂ ಪಿಸಿಒಎಸ್ ಇರುತ್ತದೆ.

ಮುಟ್ಟಿನ ವಿಷಯ ನಿಮ್ಮಲ್ಲಿ ಸರಳ. ಮೈನೆರೆದು ಮೂರು ವರ್ಷ ಕಳೆದವರಲ್ಲಿ 21 ದಿನಕ್ಕಿಂತ ಮೊದಲೇ ಅಥವಾ 35 ದಿನ ಮೀರಿ ಮುಟ್ಟಾಗುವುದನ್ನು, ಇಲ್ಲವೆ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಮುಟ್ಟಾಗುವುದನ್ನು ಅಕ್ರಮ ಎನ್ನುತ್ತಾರೆ. ನಿಮ್ಮದು ಆ ಸಾಲಿಗೆ ಸೇರುವುದಿಲ್ಲ. ಆದರೂ ಕೂದಲಿನ ಬೆಳವಣಿಗೆ ಹೆಚ್ಚಿರುವವರಲ್ಲಿ ಕೆಲವರಿಗೆ ಮುಟ್ಟು ಕ್ರಮವಾಗಿ ಬಂದರೂ ಅಂಡಾಣು ಬಿಡುಗಡೆಯಾಗಿರುವುದಿಲ್ಲ. ಗುಳಿಗೆ ನಿಲ್ಲಿಸಿದ ಮೇಲೆ, ಮುಂದಿನ ಮುಟ್ಟಿನ ನಿರೀಕ್ಷಿತ ದಿನಕ್ಕೆ ಸುಮಾರು ಒಂದು ವಾರ ಮೊದಲು, ಅಂಡಾಣು ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟಿರೋನ್ ಹಾರ್ಮೋನನ್ನು ಪರೀಕ್ಷಿಸಿದರೆ ಇದು ತಿಳಿಯುತ್ತದೆ. ಗುಳಿಗೆ ಸೇವಿಸುವಾಗ ತಿಂಗಳಿಗೊಮ್ಮೆ ಆಗುವ ರಕ್ತಸ್ರಾವ ಗುಳಿಗೆಯ ವಿರಾಮದಿಂದ ಆಗುವುದು. ಅದನ್ನು ನೋಡಿ ಮುಟ್ಟು ಸರಿಯಿದೆ ಎನ್ನಲಾಗದು.

ಪಿಸಿಒಎಸ್ ಎಂದು ಹೇಳುವ ಮೊದಲು ಬೇರೆ ರೋಗಗಳನ್ನು ತಳ್ಳಿಹಾಕಬೇಕು ಎಂದೆನಷ್ಟೆ. ನೀವು ಹೇಳಿರುವ ಇಬ್ಬರು ವೈದ್ಯರಲ್ಲಿ ಯಾರೂ ಈ ಕೆಲಸ ಮಾಡಿದಂತೆ ಕಾಣುವುದಿಲ್ಲ. ಥೈರಾಯ್ಡ್‌ಗಾಗಿ ಟಿಎಸ್‌ಎಚ್ ಮತ್ತು ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಪರೀಕ್ಷೆಗಳು ಎಲ್ಲರಿಗೂ ಬೇಕು. ನಿಮ್ಮ ವಿಷಯದಲ್ಲಿ ಹೆಚ್ಚು ಮುಖ್ಯವಾದದ್ದು 17-ಹೈಡ್ರಾಕ್ಸಿಪ್ರೊಜೆಸ್ಟಿರೋನ್. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆಯಿದ್ದರೆ ಈ ವಸ್ತು ಶೇಖರಗೊಂಡು, ಆ ಗ್ರಂಥಿ ಆಂಡ್ರೊಜೆನ್ ಅನ್ನು ಹೆಚ್ಚಾಗಿ ತಯಾರಿಸುತ್ತದೆ. ಇದರ ಸೌಮ್ಯ ರೂಪ ಹರೆಯದಲ್ಲೋ ಅದರ ನಂತರವೋ ಕೂದಲು, ಮೊಡವೆಗಳ ಮೂಲಕ ಮೊದಲ ಬಾರಿ ಗಮನಕ್ಕೆ ಬರುತ್ತದೆ, ಅಂಡಾಶಯಗಳೂ ಪಾಲಿಸಿಸ್ಟಿಕ್ ಆಗಿಯೇ ಕಾಣಬಹುದು, ಪಿಸಿಒಎಸ್‌ನಿಂದ ಬೇರ್ಪಡಿಸಿ ಹೇಳಲು ಹೊರಗಿನ ನೋಟ ಸಾಲದು. ಮುಟ್ಟಾದ ಮೊದಲ ದಿನಗಳಲ್ಲಿ ಬೆಳಗಿನ ಹೊತ್ತು ರಕ್ತ ಕೊಟ್ಟು ಈ ಪರೀಕ್ಷೆ ಮಾಡಿಸಬೇಕು. ಫಲಿತಾಂಶ ಮಿಲಿಲೀಟರಿಗೆ 2 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಈ ರೋಗ ಬಹುಮಟ್ಟಿಗೆ ಇಲ್ಲವೆಂದು ತಿಳಿಯಬಹುದು. ಕೂದಲಿನ ಬೆಳವಣಿಗೆ ಕೆಲವೇ ತಿಂಗಳುಗಳಲ್ಲಿ ರಭಸವಾಗಿ ಹೆಚ್ಚಿದ್ದರೆ, ಧ್ವನಿ ಗಡಸಾಗಿದ್ದರೆ, ಅಥವಾ ಟೆಸ್ಟೋಸ್ಟಿರೋನ್ ವಿಪರೀತ ಏರಿದ್ದರೆ ಆಂಡ್ರೊಜೆನ್ ಸ್ರವಿಸುವ ಗಡ್ಡೆಯೇನಾದರೂ ಇದೆಯೆ ಎಂದು ಹುಡುಕಬೇಕು. ಚರ್ಮ ತೆಳುವಾಗಿ ಸಣ್ಣ ಪೆಟ್ಟಿಗೂ ಸುಲಭವಾಗಿ ನೀಲಿಗಟ್ಟುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಬಣ್ಣದ ಗೆರೆಗಳು ಇದ್ದರೆ ಕಾರ್ಟಿಸೋಲ್ ಹಾರ್ಮೋನು ಅತಿಯಾಗುವ ಕುಶಿಂಗ್ ರೋಗಲಕ್ಷಣಕ್ಕಾಗಿ ಪರೀಕ್ಷಿಸಬೇಕು. ಇವೆರಡೂ ಅಪರೂಪ.

ತಂಗಿಯ ವಿಷಯ ಬೇರೆಯೇ. ಮೈನೆರೆದ ಮೊದಲ ವರ್ಷ ಮುಟ್ಟು ಅಕ್ರಮವಾಗಿರುವುದು ಸಹಜ. ಒಂದರಿಂದ ಮೂರು ವರ್ಷದೊಳಗೆ 21 ದಿನಕ್ಕಿಂತ ಕಡಿಮೆ ಅಥವಾ 45 ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ಅಕ್ರಮವೆಂದು ಗಣಿಸಬೇಕು, ಮೊದಲ ವರ್ಷ ಕಳೆದ ಮೇಲೆ ಒಂದೇ ಒಂದು ಸಲ 90 ದಿನ ಮೀರಿದರೂ ಗಮನಿಸಬೇಕು. ಎರಡು ವರ್ಷ ಕಳೆದಿರುವ ಅವಳಿಗೆ 60 ದಿನಗಳ ಅಂತರ ಅಕ್ರಮವೇ, ವೈದ್ಯರಿಗೆ ತೋರಿಸಬೇಕಾದದ್ದೇ. ಆದರೆ ಪಿಸಿಒಎಸ್ ಇದೆಯೆ ಎಂದು ನೋಡಲು ಸ್ಕ್ಯಾನಿಂಗ್ ಬೇಡ, ಎಎಂಎಚ್ ಕೂಡ ಬೇಡ. ಹರೆಯದಲ್ಲಿ ಅಂಡಾಶಯಗಳು ದೊಡ್ಡದಾಗಿ, ಫಾಲಿಕಲ್‌ಗಳಿಂದ ತುಂಬಿರುವುದು ಆ ವಯಸ್ಸಿನ ಸ್ವಭಾವ. ಮೈನೆರೆದು ಎಂಟು ವರ್ಷ ತುಂಬುವವರೆಗೆ ಸ್ಕ್ಯಾನಿಂಗ್ ಆಧಾರದ ಮೇಲೆ ನಿರ್ಣಯಿಸಬಾರದು ಎಂದು ಮಾರ್ಗಸೂಚಿ ಹೇಳಿರುವುದು ಇದಕ್ಕಾಗಿ. ಈ ವಯಸ್ಸಿನವರಲ್ಲಿ ಮುಟ್ಟಿನ ಏರುಪೇರು ಮತ್ತು ಆಂಡ್ರೊಜೆನ್ ಹೆಚ್ಚಳ ಎರಡೂ ಇರಲೇಬೇಕು, ಮೂರರಲ್ಲಿ ಎರಡನ್ನು ಆರಿಸಿಕೊಳ್ಳುವ ಸೌಲಭ್ಯವಿಲ್ಲ. ಅವಳ ಮುಖದಲ್ಲಿ ಹತ್ತಾರು ಮೊಡವೆ ಇರುವುದು ವಿಶೇಷವಲ್ಲ. ಕೂದಲಿನ ಬೆಳವಣಿಗೆ ಅಥವಾ ಚಿಕಿತ್ಸೆಗೆ ಬಗ್ಗದ ತೀವ್ರ ಮೊಡವೆ ಇದೆಯೆ ಎಂದು ನೋಡಬೇಕು, ಇಲ್ಲದಿದ್ದರೆ ಟೆಸ್ಟೋಸ್ಟಿರೋನ್ ಪರೀಕ್ಷಿಸಬೇಕು. ಎರಡರಲ್ಲಿ ಒಂದೇ ಅಂಶ ಕಂಡರೆ ಅವಳನ್ನು ಅಪಾಯದ ಸಾಧ್ಯತೆಯುಳ್ಳವಳು ಎಂದು ದಾಖಲಿಸಿ, ತೊಂದರೆಗಳಿಗೆ ಬೇಕಾದ ಚಿಕಿತ್ಸೆ ಕೊಡುತ್ತ, ಆ ಎಂಟು ವರ್ಷದೊಳಗೆ ಮತ್ತೆ ಪರಿಶೀಲಿಸುತ್ತಾರೆ. ಹದಿನೈದರ ಹುಡುಗಿಗೆ ಆತುರದಲ್ಲಿ ಅಂಟಿಸಿದ ಹಣೆಪಟ್ಟಿಯಿಂದ ಮಕ್ಕಳಾಗುವುದಿಲ್ಲವೇನೋ ಎಂಬ ಅನವಶ್ಯಕ ಭಯ ಹುಟ್ಟಿ ಬಹುಕಾಲ ಉಳಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಹಾಗಾಗಿ ಈ ಎಚ್ಚರಿಕೆಯನ್ನು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮೂರು ಬಗೆಯ ಫಲಿತಾಂಶ ಬರಬಹುದು. ಕೂದಲಿನ ಅಂಕವಾಗಲಿ ಟೆಸ್ಟೋಸ್ಟಿರೋನ್ ಆಗಲಿ ಮಿತಿ ಮೀರಿ, ಬೇರೆ ರೋಗಗಳು ಇಲ್ಲವೆಂದಾಗಿ, ಅಂಡಾಶಯದ ರೂಪವೂ ಖಚಿತವಾದರೆ, ಅದು ಪಿಸಿಒಎಸ್, ಅಂಡಾಣು ಬಿಡುಗಡೆಯೂ ಸರಿಯಿದ್ದರೆ ಅದರ ನಾಲ್ಕು ಮಾದರಿಗಳಲ್ಲಿ ‘ಸಿ’ ಎಂದು ಕರೆಯುವ ಮಾದರಿ. ಆಂಡ್ರೊಜೆನ್ ಹೆಚ್ಚಳದ ಯಾವ ಗುರುತೂ ಸಿಗದೆ ಅಂಡಾಣು ಬಿಡುಗಡೆಯೂ ಆಗುತ್ತಿದ್ದರೆ, ನಿಮ್ಮದು ಪಾಲಿಸಿಸ್ಟಿಕ್ ರೂಪದ ಅಂಡಾಶಯ ಮಾತ್ರ, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಕೂದಲು ಹೆಚ್ಚಿದ್ದು ಟೆಸ್ಟೋಸ್ಟಿರೋನ್, ಅಂಡಾಣು ಬಿಡುಗಡೆ, ಮರುಪರೀಕ್ಷೆಯಲ್ಲಿ ಅಂಡಾಶಯಗಳು ಎಲ್ಲವೂ ಸರಿಯಿದ್ದರೆ, ಕಾರಣ ತಿಳಿಯದ ಕೂದಲಿನ ಬೆಳವಣಿಗೆ ಎಂದು ಅದಕ್ಕಷ್ಟೇ ಚಿಕಿತ್ಸೆ ಪಡೆಯಬಹುದು.

ಪಿಸಿಒಎಸ್ ಎಂದು ನಿರ್ಣಯವಾದಲ್ಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ, ಕೊಲೆಸ್ಟರಾಲ್ ಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆಯನ್ನು ಆಗಲೇ ಮಾಡಿಸಿ. ಖಿನ್ನತೆ, ಆತಂಕಗಳ ಬಗ್ಗೆಯೂ ವೈದ್ಯರು ವಿಚಾರಿಸಬೇಕು. ತೂಕ ಹೇಗೇ ಇರಲಿ, ಸಕ್ಕರೆ ಪರೀಕ್ಷೆಯನ್ನು ಒಂದರಿಂದ ಮೂರು ವರ್ಷಕ್ಕೊಮ್ಮೆ ಪುನರಾವರ್ತಿಸಬೇಕು, ಗರ್ಭಿಣಿಯಾಗಲು ಬಯಸುವಾಗ ಅದಕ್ಕೆ ಮುಂಚೆ ಇನ್ನೊಮ್ಮೆ ಮಾಡಿಸಬೇಕು. ಅಲ್ಲಿಯವರೆಗೆ, ಮೊದಲ ಸ್ಕ್ಯಾನಿಂಗ್‌ನ ಚಿತ್ರಗಳು ಮತ್ತು ಗುಳಿಗೆ ಶುರುಮಾಡಿದ ದಿನಾಂಕ ಇವನ್ನು ಜೋಪಾನವಾಗಿಟ್ಟುಕೊಂಡು, ಸ್ತ್ರೀರೋಗ ತಜ್ಞರನ್ನು ಅಥವಾ ಹಾರ್ಮೋನು ತಜ್ಞರನ್ನು ಕಾಣುವಾಗ ಕೊಂಡೊಯ್ಯಿರಿ.